ಮುನ್ನೂರ ಹನ್ನೊಂದನೇ ಮುಚ್ಚಳ

ಸುತ್ತು ಐದು ಲಕ್ಷದ ಹದಿನಾಲ್ಕು ಸಾವಿರದ ಇನ್ನೂರ ಆರು, ಬಿಸಿಲುಮುಖ
ಅರವಟ್ಟಿಗೆ ನಿಲ್ದಾಣ, ನೆಲದಿಂದ ನಾನೂರ ಮೂವತ್ತು ಕಿಲೋಮೀಟರ್ ಮೇಲೆ

ಜೋಡಣೆ ಶೆಡ್ ಎರಡರ ದಾನೇಶ್ವರಿ ಹೂಗಾರ ಅವರಿಗೆ, ಓಬಳಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಕಂಡು ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಅಂದುಕೊಳ್ಳಬೇಡಿ. ಇಲ್ಲಿ ನಾವು ತಿಂಗಳು, ವಾರ ಎಣಿಸುವುದಿಲ್ಲ, ಭೂಮಿಯನ್ನು ಎಷ್ಟು ಸಲ ಸುತ್ತಿದೆವು ಎಂದು ಎಣಿಸುತ್ತೇವೆ. ಒಂದು ಸುತ್ತಿಗೆ ಒಂದೂವರೆ ಗಂಟೆ. ಅದರ ಅರ್ಧ ಬಿಸಿಲುಮುಖ, ಉಳಿದರ್ಧ ನೆರಳುಮುಖ. ನಿಮ್ಮ ಒಂದು ದಿನದಲ್ಲಿ ನನಗೆ ಹದಿನಾರು ಸಲ ಬೆಳಗಾಗುತ್ತದೆ, ಹದಿನಾರು ಸಲವೂ ಒಬ್ಬಳೇ ಇರುತ್ತೇನೆ. ಲೆಕ್ಕ ಹಾಕಿದರೆ ನೀವು ಕೆಲಸ ಮಾಡಿದ ಕಾಲಕ್ಕೂ ನನ್ನ ಕಾಲಕ್ಕೂ ಸುಮಾರು ತೊಂಬತ್ತು ವರ್ಷದ ಅಂತರ. ಅಷ್ಟರಲ್ಲಿ ಮಾತು ಬಹಳ ಬದಲಾಗಿದೆ, ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನನ್ನ ಹೆಸರು ನಿಮ್ಮ ಕಾಲಕ್ಕೆ ಅಜ್ಜಿಯರ ಹೆಸರು, ನಮ್ಮ ಕಾಲದಲ್ಲಿ ಅದು ಮತ್ತೆ ಫ್ಯಾಷನ್ ಆಗಿತ್ತು. ಹಿಂದಿನ ಕಾಲಕ್ಕೆ ಕಾಗದ ಹಾಕುವ ಪೆಟ್ಟಿಗೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ನೀವೊಂದು ಪ್ರಶ್ನೆ ಕೇಳಿದ್ದಿರಿ, ಅದಕ್ಕೆ ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಾಗೆ ಬಿಟ್ಟು ಹೋಗಲು ನನಗೆ ಮನಸ್ಸು ಬರುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇನ್ನು ಮೂರು ಸುತ್ತಿಗೆ ನಾನು ಇಳಿತೊಟ್ಟಿಲಲ್ಲಿ ಕೂರಬೇಕು. ಮನುಷ್ಯರನ್ನು ನೆಲಕ್ಕೆ ಇಳಿಸುವ ಸಣ್ಣ ಗೂಡಿಗೆ ನಾವು ಇಟ್ಟ ಹೆಸರು ಅದು. ನಾನು ಇಳಿದ ಒಂಬತ್ತು ದಿನಕ್ಕೆ ಅರವಟ್ಟಿಗೆಯನ್ನು ದಕ್ಷಿಣದ ಕಡಲಿನ ಮೇಲೆ ಕೆಡವಿ ಉರಿಸುತ್ತಾರೆ. ಅದಕ್ಕೆ ಕಾರಣ ನಾನು. ಬೇರೆ ಕಾರಣಗಳೂ ಇವೆ ಎಂದು ನೆಲದವರು ಮರ್ಯಾದೆಗೆ ಹೇಳಿದರು, ಆದರೆ ಹನ್ನೆರಡು ವರ್ಷ ಈ ಗೋಡೆಗಳನ್ನು ಒರೆಸಿದವಳಿಗೆ ಯಾವುದು ನಿಜ ಎಂದು ಗೊತ್ತಾಗುತ್ತದೆ.

ನಿಮ್ಮ ಶೆಡ್ಡಿನಲ್ಲಿ ಈ ನಿಲ್ದಾಣ ತುಂಡುತುಂಡಾಗಿ ಇದ್ದಾಗ ಇದಕ್ಕೆ ಏನೆನ್ನುತ್ತಿದ್ದರೋ ತಿಳಿಯದು. ಮೇಲೆ ಬಂದ ಮೇಲೆ ಇದು ಹೆಸರಿಗೆ ತಕ್ಕ ಅರವಟ್ಟಿಗೆಯೇ ಆಗಿತ್ತು. ಚಂದ್ರನ ಕಡೆ ಹೋಗುವ ಹಡಗುಗಳು ಇಲ್ಲಿ ನಿಂತು ನೀರು ತುಂಬಿಸಿಕೊಂಡು, ಎರಡು ದಿನ ಹರಟೆ ಹೊಡೆದು ಮುಂದೆ ಹೋಗುತ್ತಿದ್ದವು. ಒಂದು ಕಾಲಕ್ಕೆ ಇಲ್ಲಿ ಮೂವತ್ತು ಜನ ಇದ್ದರು. ಆಮೇಲೆ ನಿಲ್ಲದೆ ಹೋಗುವ ಹಡಗುಗಳು ಬಂದವು. ಮೂವತ್ತು ಜನ ಹನ್ನೆರಡಾಗಿ, ಐವರಾಗಿ, ನಾನು ಬರುವ ಹೊತ್ತಿಗೆ ಇಬ್ಬರಾಗಿದ್ದರು. ಆ ಇಬ್ಬರಲ್ಲಿ ಒಬ್ಬರು ನಾನು ಬಂದ ಹಡಗಿನಲ್ಲೇ ಇಳಿದು ಹೋದರು. ಉಳಿದವರು ಇಮಾಮ್‌ಸಾಬ್ ನದಾಫ್, ನನಗೆ ಕೆಲಸ ಕಲಿಸಿದವರು. ಮೂರು ವರ್ಷ ಜೊತೆಗಿದ್ದು ಅವರೂ ಇಳಿದರು, ಕೆಳಗೆ ಹೋದ ಆರನೇ ವರ್ಷಕ್ಕೆ ತೀರಿಕೊಂಡರು ಎಂದು ಸುದ್ದಿ ಬಂತು. ಆ ದಿನ ಅಳೋಣವೆಂದರೆ ಇಲ್ಲಿ ಕಣ್ಣೀರು ಕೆಳಗೆ ಬೀಳುವುದಿಲ್ಲ, ಕಣ್ಣಿನ ಮೇಲೇ ಗುಡ್ಡೆಯಾಗಿ ಕೂರುತ್ತದೆ. ಟವೆಲ್ಲಿನಲ್ಲಿ ಒತ್ತಿ ತೆಗೆಯಬೇಕು. ಹಾಗೆ ತೆಗೆದೆ, ಮತ್ತೆ ಕೆಲಸಕ್ಕೆ ಹೋದೆ.

ಕೆಲಸ ಏನೆಂದು ನಿಮಗೆ ಕುತೂಹಲ ಇರಬಹುದು. ನೀವು ಜೋಡಿಸಿದ್ದನ್ನು ಜೋಡಿಸಿದ ಹಾಗೇ ಉಳಿಸುವುದು, ಇಷ್ಟೇ. ಎದ್ದ ಕೂಡಲೇ ಕಿವಿಗೊಟ್ಟು ಫ್ಯಾನುಗಳನ್ನು ಎಣಿಸುತ್ತೇನೆ. ಗಾಳಿ ಆಡದಿದ್ದರೆ ನಾವು ಬಿಟ್ಟ ಉಸಿರು ನಮ್ಮ ಮುಖದ ಸುತ್ತಲೇ ಕಟ್ಟಿಕೊಂಡು ತಲೆ ಸಿಡಿಯುತ್ತದೆ, ಆದ್ದರಿಂದ ಮಲಗಿದಲ್ಲಿಂದಲೇ ಆ ಲೆಕ್ಕ ಮುಗಿಯಬೇಕು. ಆಮೇಲೆ ಗಾಳಿಜಾಲರಿಗಳ ಮೇಲಿನ ಕಸ ತೆಗೆಯುವುದು. ಇಲ್ಲಿ ಕಳೆದುಹೋದದ್ದೆಲ್ಲ ತೇಲಿ ತೇಲಿ ಕೊನೆಗೆ ಜಾಲರಿಗೆ ಬಂದು ಅಂಟುತ್ತದೆ. ಚಮಚ, ಗುಂಡಿ, ಉಗುರು, ನನ್ನ ಬಿಳಿ ಕೂದಲು. ಒಬ್ಬಳೇ ಇರುವುದರಿಂದ ಯಾರ ಕೂದಲು ಎಂದು ಜಗಳವಿಲ್ಲ. ಬಾಗಿಲುಗಳ ರಬ್ಬರು ಬಳೆಗಳನ್ನು ಬೆರಳಲ್ಲಿ ಸವರಿ ಸೀಳು ಬಿಟ್ಟಿದೆಯೋ ನೋಡಬೇಕು, ಪೈಪುಗಳ ಹಿಂದೆ ಬೂಷ್ಟು ಒರೆಸಬೇಕು, ಮೈಯ ಮೂಳೆ ಸವೆಯದಿರಲು ಎರಡು ಗಂಟೆ ರಬ್ಬರು ಪಟ್ಟಿ ಎಳೆಯಬೇಕು. ನೀರನ್ನೂ ಶೋಧಿಸಿ ಶೋಧಿಸಿ ಮತ್ತೆ ಕುಡಿಯುತ್ತೇವೆ. ನನ್ನ ನಿನ್ನೆಯ ಬೆವರು ಇವತ್ತಿನ ಕಾಫಿ ಎಂದು ಅಕ್ಕನ ಮಗಳಿಗೆ ಒಮ್ಮೆ ಹೇಳಿದ್ದಕ್ಕೆ ಅವಳು ಒಂದು ವಾರ ಮಾತಾಡಿಸಲಿಲ್ಲ. ಕೆಲಸ ಮುಗಿದ ಮೇಲೆ ಕಿಟಕಿ ಇದೆ. ನಮ್ಮ ಚಳ್ಳಕೆರೆ ಕಾಣುವುದಿಲ್ಲ, ಮೋಡವಿಲ್ಲದ ದಿನ ಮಾರಿಕಣಿವೆಯ ನೀರು ಕನ್ನಡಿಚೂರಿನ ಹಾಗೆ ಒಮ್ಮೆ ಹೊಳೆದು ಹಿಂದಕ್ಕೆ ಹೋಗುತ್ತದೆ.

ಇನ್ನು ಮುಚ್ಚಳಗಳ ವಿಷಯಕ್ಕೆ ಬರುತ್ತೇನೆ. ಈ ಗೋಡೆಗಳಲ್ಲಿ ನಾನೂರ ಹನ್ನೆರಡು ಮುಚ್ಚಳಗಳಿವೆ, ನಿಮಗೆ ಗೊತ್ತೇ ಇದೆ. ಪ್ರತಿಯೊಂದರ ಹಿಂದೆ ಒಂದು ಪಂಪು, ಒಂದು ಕವಾಟ, ಇಲ್ಲವೇ ತಂತಿಗಳ ಗಂಟು. ನಿಮಗೆ ಗೊತ್ತಿಲ್ಲದ್ದು ಒಳಬರಹ. ಯಾರು ಮುಚ್ಚಳ ತೆಗೆಯುತ್ತಾರೋ ಅವರು ಅದರ ಒಳಮೈಮೇಲೆ ಹಿಂದಿನವರು ಬರೆದದ್ದನ್ನು ಓದಿ, ಕೆಲಸ ಮುಗಿಸಿ, ಕೆಳಗೆ ತಮ್ಮದೊಂದು ಸಾಲು ಬರೆದು ಮುಚ್ಚಬೇಕು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ನಾನು ಬಂದ ಮೊದಲ ವಾರ ಏನೂ ಬರೆಯದೆ ಒಂದು ಮುಚ್ಚಳ ಹಾಕಹೊರಟಾಗ ಇಮಾಮ್‌ಸಾಬರು ಕೈ ಹಿಡಿದು ನಿಲ್ಲಿಸಿದರು. "ಸುಮ್ನ ಮುಚ್ಚಿದ್ರ ಅದು ಬರೇ ಗ್ವಾಡಿ ಆಗ್ತೈತಿ ಓಬಳವ್ವ. ಏನರೆ ಒಂದ್ ಮಾತ್ ಬರದು ಮುಚ್ಚು" ಎಂದರು. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಕೆಲಸ ಮಾಡದೆ ಬರೀ ಓದಲೆಂದು ಮುಚ್ಚಳ ತೆಗೆಯುವಂತಿಲ್ಲ.

ನಲವತ್ತೆಂಟನೇ ಮುಚ್ಚಳದಲ್ಲಿ ಒಬ್ಬರು ಬರೆದಿದ್ದರು, ಇಲ್ಲಿ ನನ್ನ ಚಮಚ ಬಿದ್ದಿದೆ, ಸಿಕ್ಕಿದವರು ದಯವಿಟ್ಟು ಕೊಡಿ ಎಂದು. ಅದರ ಕೆಳಗೆ ಹನ್ನೊಂದು ವರ್ಷದ ನಂತರ ಬೇರೆ ಅಕ್ಷರದಲ್ಲಿ, ಸಿಕ್ಕಿತು, ನೀವು ಎಲ್ಲಿದ್ದೀರಿ ಎಂದು. ಅದರ ಕೆಳಗೆ ಇನ್ನೊಬ್ಬರು, ಅವರು ಊರಿಗೆ ಹೋಗಿ ಬಹಳ ದಿನ ಆಯಿತು, ಚಮಚ ನನ್ನ ಬಳಿ ಇದೆ, ಚೆನ್ನಾಗಿದೆ. ಆ ಚಮಚದಲ್ಲೇ ನಾನು ಈಗ ಉಣ್ಣುವುದು. ನೂರ ಇಪ್ಪತ್ತನೆಯದರಲ್ಲಿ ಒಬ್ಬ ತಂದೆ ಬರೆದಿದ್ದ, ಮಗಳು ಹುಟ್ಟಿದಳಂತೆ, ಮೂರೂವರೆ ಕೆಜಿ. ಕೆಳಗೆ ಒಬ್ಬರು, ಈಗ ಶಾಲೆಗೆ ಹೋಗುತ್ತಿರಬೇಕು. ಇಮಾಮ್‌ಸಾಬರ ಅಕ್ಷರದಲ್ಲಿ, ಈಗ ಮದುವಿ ಆಗಿರಬೇಕು. ನಾನು, ಈಗ ಅಜ್ಜಿ ಆಗಿರಬೇಕು ಎಂದು ಬರೆದೆ. ಆ ಮಗುವಿನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಒಬ್ಬಳೇ ಆದ ಮೇಲೆ ಈ ಬರಹಗಳೇ ನನ್ನ ನೆರೆಹೊರೆ ಆದವು. ನೆಲದವರೊಡನೆ ದಿನಕ್ಕೆ ಹತ್ತು ನಿಮಿಷದ ಮಾತಿತ್ತು, ಅದರಲ್ಲಿ ಎಂಟು ನಿಮಿಷ ಒತ್ತಡ, ಉಷ್ಣತೆ, ನೀರಿನ ಮಟ್ಟ. ಮನುಷ್ಯರ ಮಾತು ಬೇಕೆನಿಸಿದಾಗ ಮುಚ್ಚಳ ತೆಗೆಯಬೇಕು, ಮುಚ್ಚಳ ತೆಗೆಯಬೇಕಾದರೆ ಕೆಲಸ ಮಾಡಬೇಕು. ಹಾಗಾಗಿ ಬಿಗಿಯಾಗಿದ್ದ ಬೋಲ್ಟನ್ನೇ ಸಡಿಲಿಸಿ ಬಿಗಿದೆ, ಹೊಳೆಯುತ್ತಿದ್ದ ಕವಾಟವನ್ನೇ ತಿಕ್ಕಿದೆ. ಇಷ್ಟು ಅಚ್ಚುಕಟ್ಟಾದ ನಿಲ್ದಾಣ ಇನ್ನೊಂದಿಲ್ಲ ಎಂದು ನೆಲದವರು ಹೊಗಳಿದಾಗ ನಾಚಿಕೆಯಾಗುತ್ತಿತ್ತು. ಅವರು ಶ್ರದ್ಧೆ ಎಂದು ಹೊಗಳುತ್ತಿದ್ದದ್ದು ನನ್ನ ಒಂಟಿತನವನ್ನು. ನಾಲ್ಕು ವರ್ಷದಲ್ಲಿ ನಾನೂರ ಹನ್ನೊಂದು ಮುಚ್ಚಳಗಳನ್ನು ಓದಿ ಮುಗಿಸಿದೆ. ಆಮೇಲೆ ಯಾವುದನ್ನು ತೆಗೆದರೂ ಕೊನೆಯ ಸಾಲು ನನ್ನದೇ.

ಉಳಿದದ್ದು ಒಂದೇ, ಮುನ್ನೂರ ಹನ್ನೊಂದು. ದೊಡ್ಡ ನೀರಿನ ಟ್ಯಾಂಕಿನ ಹಿಂದಿನ ಸಂದಿಯಲ್ಲಿ, ಒಬ್ಬರು ಮೈ ಕುಗ್ಗಿಸಿ ನುಸುಳುವಷ್ಟೇ ಜಾಗದಲ್ಲಿದೆ. ಅದರ ಹಿಂದೆ ಇರುವುದು ಸ್ಟೆಪ್ನಿ ಪಂಪು. ಗೋಡೆಗಳ ಶಾಖವನ್ನು ಹೊರಹಾಕಲು ತಣ್ಣೀರನ್ನು ಸುತ್ತಿಸುವ ದೊಡ್ಡ ಪಂಪೊಂದಿದೆ, ಅದು ಕೆಟ್ಟರೆ ಇದು ಓಡಬೇಕು. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಪಂಪಿನ ದಂಡವನ್ನು ಕೈಯಲ್ಲಿ ತಿರುಗಿಸಿ, ಗ್ರೀಸು ಹಚ್ಚಿ, ರಿಜಿಸ್ಟರಿನಲ್ಲಿ "ನೋಡಿದೆ, ಸರಿ ಇದೆ" ಎಂದು ಬರೆಯಬೇಕು. ಅರ್ಧ ಗಂಟೆಯ ಕೆಲಸ. ಇಮಾಮ್‌ಸಾಬರು ಇಳಿದು ಹೋಗುವ ದಿನ ತೊಟ್ಟಿಲಿನ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದರು, "ಮುನ್ನೂರ ಹನ್ನೊಂದಕ್ಕ ಗಡಿಬಿಡಿ ಮಾಡಬ್ಯಾಡ. ಅದನ್ನ ಕಡೀಕ ಇಟ್ಕೋ. ಇನ್ನೂ ಒಂದೈತಿ ಅಂದ್ರ ದಿನ ಹೋಗ್ತಾವ." ಅದರೊಳಗೆ ಅವರು ನನಗಾಗಿ ಏನೋ ಬರೆದಿಟ್ಟಿದ್ದಾರೆ ಎಂದು ನಾನು ತಿಳಿದುಕೊಂಡೆ.

ತಿಳಿದುಕೊಂಡೆ, ತೆಗೆಯಲಿಲ್ಲ. ಮೊದಲ ವರ್ಷ ಮುಂದಿನ ತಿಂಗಳು ತೆಗೆಯೋಣ ಅಂದುಕೊಂಡು "ನೋಡಿದೆ, ಸರಿ ಇದೆ" ಎಂದು ಬರೆದೆ. ಎರಡನೇ ವರ್ಷ ಯೋಚಿಸದೆಯೇ ಬರೆದೆ. ಎಂಟನೇ ವರ್ಷಕ್ಕೆ ಅದು ಸುಳ್ಳು ಎಂಬುದೇ ಮರೆತಿತ್ತು. ತೆಗೆದುಬಿಟ್ಟರೆ ಓದಲು ಹೊಸದು ಏನೂ ಉಳಿಯುವುದಿಲ್ಲವಲ್ಲ ಎಂಬ ಭಯ ನಿಮಗೆ ಅರ್ಥವಾಗುತ್ತದೋ ಇಲ್ಲವೋ. ನೆರಳುಮುಖದಲ್ಲಿ ನಿದ್ದೆ ಬಾರದೆ ಹೊರಳಾಡುವಾಗ ಅವರು ಏನು ಬರೆದಿರಬಹುದು ಎಂದು ಊಹಿಸುತ್ತಿದ್ದೆ. ಬೈದಿರಬಹುದು, ಹಾಡಿನ ಸಾಲಿರಬಹುದು, ಜೋಳದ ರೊಟ್ಟಿ ತಟ್ಟುವ ಹದ ಹೇಳಿರಬಹುದು. ಸಂದಿಯೊಳಗೆ ತಲೆ ಹಾಕಿದರೆ ಮನಸ್ಸು ಸೋಲುತ್ತದೆಂದು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಒಂದು ಸುತ್ತು ಮುಗಿಯಿತು. ಇಲ್ಲಿ ಈಗ ಬಹಳ ಸೆಕೆ. ಬೆವರು ಹರಿಯುವುದಿಲ್ಲ, ಮೈಗೆ ಹಚ್ಚಿದ ಎಣ್ಣೆಯಂತೆ ಅಂಟಿಕೊಂಡೇ ಇರುತ್ತದೆ. ಕಾಗದಕ್ಕೆ ತಾಗಿ ಅಕ್ಷರ ಕದಡಿದ್ದರೆ ಮನ್ನಿಸಿ.

ಈ ವರ್ಷ ನೆಲದವರು ಒಳ್ಳೆಯ ಸುದ್ದಿ ಕೊಟ್ಟಿದ್ದರು. ಅರವಟ್ಟಿಗೆಯನ್ನು ಮತ್ತೆ ತೆರೆಯುತ್ತೇವೆ, ಒಂದು ತಪಾಸಣೆ ಮುಗಿದರೆ ನಾಲ್ಕು ಜನರನ್ನು ಕಳಿಸುತ್ತೇವೆ ಎಂದರು. ನಾಲ್ಕು ಜನ! ನಾನು ನಾಲ್ಕು ಮಲಗುವ ಗೂಡುಗಳನ್ನು ಮೂರು ಮೂರು ಸಲ ಒರೆಸಿದೆ, ಹೊಸ ಪಟ್ಟಿ ಕಟ್ಟಿದೆ. ಅವರ ಎದುರು ಒಬ್ಬಳೇ ಮಾತಾಡಿಕೊಳ್ಳಬಾರದೆಂದು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದನ್ನು ಅಭ್ಯಾಸ ಮಾಡಿದೆ. ತಪಾಸಣೆಗೆ ಇಪ್ಪತ್ತು ದಿನ ಇರುವಾಗ ದೊಡ್ಡ ಪಂಪಿನ ಸದ್ದು ಬದಲಾಯಿತು. ಮೊದಲು ಗೊರಗೊರ, ಆಮೇಲೆ ಸಿಳ್ಳೆ, ಆಮೇಲೆ ಏನೂ ಇಲ್ಲ. ಸ್ಟೆಪ್ನಿಯ ಸ್ವಿಚ್ಚು ಒತ್ತಿದೆ. ಅದು ಒಂದು ನಿಮಿಷ ಗುಂಯ್ ಎಂದು ಮುಲುಗಿತು, ತಿರುಗಲಿಲ್ಲ, ಸುಟ್ಟ ವಾಸನೆ ಬಂತು.

ಟಾರ್ಚು ಕಚ್ಚಿಕೊಂಡು ಸಂದಿಯೊಳಗೆ ನುಗ್ಗಿದೆ. ಮುನ್ನೂರ ಹನ್ನೊಂದರ ಆರು ಸ್ಕ್ರೂಗಳ ತಲೆಯ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ ಕೆಂಪು ಬಣ್ಣದ ಗೆರೆ ಹಾಗೇ ಇತ್ತು. ಒಂದು ಸಲ ತೆಗೆದರೂ ಆ ಗೆರೆ ಒಡೆಯುತ್ತದೆ. ಅದು ಒಡೆದಿರಲಿಲ್ಲ. ಎಂಬತ್ತೆಂಟು ವರ್ಷದ ರಿಜಿಸ್ಟರಿನಲ್ಲಿ ಎಂಬತ್ತೆಂಟು ಸಲ "ನೋಡಿದೆ, ಸರಿ ಇದೆ" ಎಂದಿದೆ, ಅದರಲ್ಲಿ ಇಪ್ಪತ್ತು ಇಮಾಮ್‌ಸಾಬರ ಸಹಿ, ಒಂಬತ್ತು ನನ್ನವು. ಮೊದಲಿನವರು ಸಂದಿ ಇಕ್ಕಟ್ಟೆಂದು ಬಿಟ್ಟಿರಬೇಕು. ಆಮೇಲಿನವರು ಓದಲು ಒಂದಿರಲಿ ಎಂದು ಬಿಟ್ಟಿರಬೇಕು. ಇಮಾಮ್‌ಸಾಬರು ನನಗೆ ಏನನ್ನೂ ಬರೆದಿಟ್ಟಿರಲಿಲ್ಲ, ತಮಗೆ ಯಾರೋ ಹೇಳಿದ್ದನ್ನೇ ನನಗೆ ಹೇಳಿ ಹೋಗಿದ್ದರು. ಅವರ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಮರುಕ್ಷಣವೇ, ಅವರೂ ಈ ಟ್ಯಾಂಕಿನ ಆಚೆ ನಿದ್ದೆ ಬಾರದೆ ಮಲಗಿ ಒಳಗೆ ಏನಿದೆಯೋ ಎಂದು ಊಹಿಸುತ್ತಿದ್ದರಲ್ಲ ಎಂದು ಹೊಳೆಯಿತು.

ಮುಚ್ಚಳ ತೆಗೆದೆ. ಪಂಪಿನ ಗ್ರೀಸು ಕಲ್ಲಾಗಿತ್ತು, ಮೋಟಾರು ಸುಟ್ಟುಹೋಗಿತ್ತು. ಮುಚ್ಚಳವನ್ನು ತಿರುಗಿಸಿ ಬೆಳಕು ಹಿಡಿದರೆ ಒಳಮೈಯಲ್ಲಿ ಪೆನ್ಸಿಲ್ಲಿನ ನಾಲ್ಕು ಸಾಲು. ನಿಮಗೆ ನೆನಪಿದೆಯೋ ಇಲ್ಲವೋ, ನಾನು ಇದ್ದ ಹಾಗೇ ಬರೆಯುತ್ತೇನೆ.

"ಇದನ್ನ ಕೂಡಿಸಿದಾಕಿ ದಾನೇಶ್ವರಿ ಹೂಗಾರ, ಜೋಡಣಿ ಶೆಡ್ ಎರಡು. ಮ್ಯಾಲೆ ಯಾರ್ ಇರ್ತೀರೋ ಗೊತ್ತಿಲ್ರಿ. ಪಂಪು ಚಲೋ ಐತಿ, ವರ್ಷಕ್ಕೊಮ್ಮೆ ಕೈಲೆ ತಿರುಗಸ್ರಿ, ಸಾಕು. ಊಟ ಆತೇನ್ರಿ?"

ಎಷ್ಟು ಹೊತ್ತು ಆ ಸಂದಿಯಲ್ಲೇ ಇದ್ದೆನೋ ತಿಳಿಯದು. ಒಬ್ಬಳೇ ಆದ ಈ ಒಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಹಾರದ ದಾಸ್ತಾನು ಎಷ್ಟಿದೆ ಎಂದು ಕೇಳಿದ್ದರು, ತೂಕ ಎಷ್ಟೆಂದು ಕೇಳಿದ್ದರು. ನೀವು ಕೇಳಿದ್ದು ಮಾತ್ರ ನನ್ನ ಊಟದ ಬಗ್ಗೆ. ಪ್ರತಿ ವರ್ಷ ಕೇಳುತ್ತಲೇ ಇದ್ದಿರಿ, ನಾನು ಟ್ಯಾಂಕಿನ ಈಚೆ ಕೂತು ಯಾರೂ ಮಾತಾಡಿಸುವವರಿಲ್ಲವಲ್ಲ ಎಂದು ಕೊರಗುತ್ತಿದ್ದೆ.

ನೆಲಕ್ಕೆ ಎಲ್ಲವನ್ನೂ ಹೇಳಿದೆ. ತಪಾಸಣೆಯ ಮೇಡಂ ಸುಹಾಸಿನಿ ಒಳ್ಳೆಯ ಹುಡುಗಿ, ಗಟ್ಟಿಯಾಗಿ ಮಾತಾಡುವವಳಲ್ಲ. ಅವಳು ಕೇಳಿದಳು, "ಓಬಳಮ್ಮನವರೇ, ಒಂಬತ್ತು ವರ್ಷ ನೋಡಿದೆ ನೋಡಿದೆ ಅಂತ ಬರ್ದಿದ್ದೀರಲ್ಲ, ಏನು ನೋಡಿದ್ರಿ?" ಹೊಸ ಪಂಪು ಬರಲು ಏಳು ತಿಂಗಳು ಬೇಕು, ಗೋಡೆಗಳು ಶಾಖ ತಡೆಯುವುದು ಹೆಚ್ಚೆಂದರೆ ಎರಡು ತಿಂಗಳು. ಲೆಕ್ಕ ಅಷ್ಟಕ್ಕೇ ಮುಗಿಯಿತು. ನಾಲ್ಕು ಜನರಿಗೆ ಬೇರೆ ಕೆಲಸ ಕೊಟ್ಟರಂತೆ. ಒಂದೊಂದೇ ಕೋಣೆಯ ದೀಪ ಆರಿಸಿ ಬಾಗಿಲು ಹಾಕುತ್ತ ಬಂದು ಈಗ ಅಡುಗೆಮೂಲೆ ಮತ್ತು ಈ ಟ್ಯಾಂಕಿನ ಕೋಣೆಯಲ್ಲಿ ಮಾತ್ರ ಇದ್ದೇನೆ. ಮುಚ್ಚಳಗಳನ್ನಾದರೂ ಕೆಳಗೆ ತರಬಹುದೇ ಎಂದು ಕೇಳಿದೆ. ತೊಟ್ಟಿಲು ಅಷ್ಟು ಭಾರ ಹೊರುವುದಿಲ್ಲ, ಎಲ್ಲದರ ಫೋಟೋ ಇದೆ ಎಂದರು. ಫೋಟೋ ಇದೆ ನಿಜ. ಆದರೆ ಅದರ ಕೆಳಗೆ ಮುಂದಿನ ಸಾಲು ಬರೆಯುವವರು ಯಾರು? ಚಮಚ ಕೇಳಿದವರು, ಮಗಳು ಹುಟ್ಟಿದ ತಂದೆ, ಇಮಾಮ್‌ಸಾಬರು, ಎಲ್ಲರೂ ನನ್ನಿಂದಾಗಿ ಉರಿದುಹೋಗುತ್ತಾರೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಹೇಗೋ ಈ ಕಾಗದ ನಿಮಗೆ ಮುಟ್ಟಿದರೆ, ನೀವು ಇನ್ನೂ ಆ ಮುಚ್ಚಳ ಕೂಡಿಸಿಲ್ಲದಿದ್ದರೆ, ಒಂದು ಕೋರಿಕೆ ಇದೆ. ಆ ನಾಲ್ಕು ಸಾಲನ್ನು ಒಳಗೆ ಬರೆಯಬೇಡಿ, ಹೊರಗೆ ಬರೆಯಿರಿ. ಶೆಡ್ಡಿನ ಮೇಲ್ವಿಚಾರಕರು ಬೈದರೆ ಬೈಯಲಿ. ಹೊರಗೆ ಇದ್ದರೆ ಮೊದಲು ಬಂದವರೇ ಓದುತ್ತಾರೆ, ಓದಿದವರು ಪಂಪು ತಿರುಗಿಸುತ್ತಾರೆ, ಕಡೆಗೆ ಇರಲೆಂದು ಯಾರೂ ಬಚ್ಚಿಟ್ಟುಕೊಳ್ಳುವುದಿಲ್ಲ. ಆಗ ಇಲ್ಲಿ ನಾಲ್ಕು ಜನ ಬಂದಿರುತ್ತಾರೆ, ನಾನು ಅವರ ಜೊತೆ ಕೂತು ಉಣ್ಣುತ್ತಿರುತ್ತೇನೆ, ಈ ಕಾಗದ ಬರೆಯುವ ಅಗತ್ಯವೇ ಇರುವುದಿಲ್ಲ. ಇದು ನಿಮಗೆ ಮುಟ್ಟದಿದ್ದರೆ, ಓದುತ್ತಿರುವವರು ಯಾರೇ ಆಗಿರಲಿ, ನೀವು ಕಡೆಗೆಂದು ಎತ್ತಿಟ್ಟುಕೊಂಡ ಮುಚ್ಚಳವನ್ನು ಇವತ್ತೇ ತೆಗೆದು ನೋಡಿ.

ಎರಡನೇ ಸುತ್ತೂ ಮುಗಿಯುತ್ತ ಬಂತು. ನಿಮಗೆ ಉತ್ತರ ಬರೆಯೋಣವೆಂದು ಮುಚ್ಚಳವನ್ನು ತೊಡೆಯ ಮೇಲೆ ಕಟ್ಟಿಕೊಂಡು ಪೆನ್ಸಿಲ್ಲು ಹಿಡಿದೆ, "ಆಯಿತು" ಎಂದು ಬರೆಯಲು ಹೊರಟೆ, ಕೈ ಅಲ್ಲೇ ನಿಂತಿತು. ಎರಡು ದಿನದಿಂದ ನಾನು ಸರಿಯಾಗಿ ಏನೂ ತಿಂದಿಲ್ಲ. ನೋಡದೆ ನೋಡಿದೆ ಎಂದು ಒಂಬತ್ತು ಸಲ ಬರೆದ ಕೈ ಇದು. ಉಣ್ಣದೆ ಉಂಡೆ ಎಂದು ಹತ್ತನೆಯದನ್ನು ನಿಮ್ಮ ಹೆಸರಿನ ಕೆಳಗೆ ಬರೆಯಲಾರೆ.

ಆದ್ದರಿಂದ ಎದ್ದು ಹೋಗಿ ಮುದ್ದೆ ಮಾಡಿದೆ. ಇಲ್ಲಿ ಪಾತ್ರೆಯಲ್ಲಿ ತೊಳಸಲಾಗದು. ದಪ್ಪ ಚೀಲಕ್ಕೆ ರಾಗಿಹಿಟ್ಟು, ಬಿಸಿನೀರು ತುಂಬಿ ಹೊರಗಿನಿಂದ ಗಂಟಿಲ್ಲದಂತೆ ನಾದಬೇಕು, ಕೈ ಸುಡುತ್ತದೆ. ನಾಲ್ಕು ಜನರಿಗೆಂದು ಎತ್ತಿಟ್ಟ ಉಪ್ಪುಸಾರಿನ ಪುಡಿಯನ್ನು ಒಡೆದೆ. ಮುದ್ದೆಯನ್ನು ಚೀಲದಿಂದ ಬಿಡಿಸಿದರೆ ನನ್ನ ಮುಖದ ಎದುರೇ ನಿಂತುಕೊಂಡಿತು. ತುತ್ತು ಮುರಿದು ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಬೆವರುತ್ತ, ಅಳುತ್ತ, ಪೂರ್ತಿ ಉಂಡೆ. ಚಮಚ ತೊಳೆದು ಅದನ್ನು ಕಳೆದುಕೊಂಡವರ ಮುಚ್ಚಳದ ಹಿಂದೆ ಇಟ್ಟು ಬಂದೆ.

ಈಗ ಮೂರನೇ ಸುತ್ತಿನ ಬಿಸಿಲು ಕಿಟಕಿಗೆ ಬಂದಿದೆ. ತೊಟ್ಟಿಲಿನ ಬಾಗಿಲು ತೆರೆದಿದೆ, ಸುಹಾಸಿನಿ ಎರಡು ಸಲ ಕರೆದಳು. ಈ ಕಾಗದವನ್ನು ಮಡಚಿ ಪಂಪಿನ ಪಕ್ಕ ಇಟ್ಟು, ಮುಚ್ಚಳ ಹಾಕಿ ಆರು ಸ್ಕ್ರೂ ಬಿಗಿದು ಹೋಗುತ್ತೇನೆ. ನೀವು ಎನ್ನಲು ಇನ್ನು ನಾಲಿಗೆ ಏಳುತ್ತಿಲ್ಲ, ಮುತ್ತಜ್ಜಿಯ ವಯಸ್ಸಿನವಳಾದರೂ ನಿನ್ನ ಅಕ್ಷರ ಇಪ್ಪತ್ತು ವರ್ಷದ ಹುಡುಗಿಯದು. ನಿನ್ನ ನಾಲ್ಕು ಸಾಲಿನ ಕೆಳಗೆ ಬರೆದದ್ದನ್ನೇ ಇಲ್ಲೂ ಬರೆಯುತ್ತೇನೆ.

ಉಂಡೆ ಕಣವ್ವ. ನೀನು ಉಂಡ್ಯಾ?